ಟಗರಿನ ಗುಳಿಗೆ, ಏಳನೆಯ ನಿಯಮ

ವೇದಿಕೆಯ ನಡುವಿನ ಕುರ್ಚಿಯಲ್ಲಿ, ಕಳೆದ ಬುಧವಾರದವರೆಗೂ ನಾನೇ ಕುಳಿತಿದ್ದ ಕುರ್ಚಿಯಲ್ಲಿ, ನನಗಿಂತ ನೆಟ್ಟಗೆ ಕುಳಿತಿರುವ ನಮ್ಮ ಗುಮ್ಮಟ ಬಾಕ್ಸಿಂಗ್ ಬಳಗದ ನೂತನ ಅಧ್ಯಕ್ಷರಾದ ಮುನಾಫ ಅವರೇ. ನನ್ನ ರಾಜೀನಾಮೆಯನ್ನು ತಮ್ಮ ಮುತ್ತಿನಂಥ ಅಕ್ಷರಗಳಲ್ಲಿ ತಾವೇ ಬರೆದುಕೊಟ್ಟು ನನ್ನ ಶ್ರಮ ಉಳಿಸಿದ ಕಾರ್ಯದರ್ಶಿ, ನಿವೃತ್ತ ಪಿ.ಟಿ. ಮಾಸ್ತರ ಸಿದ್ದಲಿಂಗೇಶ ಅವರೇ. ಬಳಗದ ವೈದ್ಯರಾದ ಡಾಕ್ಟರ್ ನಿರ್ಮಲಾ ಅವರೇ. ಮೊದಲ ಸಾಲಿನಲ್ಲಿ ಕುಳಿತು ನನ್ನನ್ನೇ ದಿಟ್ಟಿಸುತ್ತಿರುವ ತಿಕೋಟಾದ ಹಿರಿಯರಾದ ರಾಚವ್ವನವರೇ. ಅಥಣಿ ರಸ್ತೆಯ ಈ ಕಲ್ಯಾಣ ಮಂಟಪವನ್ನು ಅರ್ಧ ಬಾಡಿಗೆಗೆ ಬಿಟ್ಟುಕೊಟ್ಟ ಮಹನೀಯರೇ. ಮತ್ತು ಹಿಂದಿನ ಅಂಗಳದಲ್ಲಿ ಪಂದ್ಯ ಶುರುವಾಗುವುದರೊಳಗೆ ಇವನ ಮಾತು ಮುಗಿದರೆ ಸಾಕಪ್ಪಾ ಎಂದು ಕಾಯುತ್ತಿರುವ ಸಭಿಕರೇ.

ಮೊದಲು ಖರ್ಚು ಹೇಳಿಬಿಡುತ್ತೇನೆ. ವ್ಯಾಪಾರಸ್ಥನ ಮಾತಿಗೆ ಅದೇ ಪ್ರಾರ್ಥನಾ ಗೀತೆ. ಈ ಔಷಧದ ಪ್ರಕರಣ ಎಂದು ಪತ್ರಿಕೆಯವರು ಕರೆದರಲ್ಲ, ಅದಕ್ಕೆ ಆದ ಒಟ್ಟು ವೆಚ್ಚ ಇದು. ಶಾಹಿಸ್ತಾ ಎಂಬ ಹುಡುಗಿಯ ಒಂದು ಹಲ್ಲು, ಕಟ್ಟಿಸಿದ್ದಕ್ಕೆ ಆರು ಸಾವಿರದ ಐನೂರು. ಕಸ್ತೂರಿ ಎಂಬ ಹುಡುಗಿಯ ಮೂತ್ರವನ್ನು ಎರಡನೆಯ ಸಲ ಪರೀಕ್ಷಿಸಿದ್ದಕ್ಕೆ ಹದಿನೈದು ಸಾವಿರ. ವಿಚಾರಣಾ ಸಮಿತಿ ಮೂರು ಸಲ ಕೂತದ್ದಕ್ಕೆ ಚಹಾ ಮತ್ತು ಮಿರ್ಚಿ ಭಜಿ, ಸಾವಿರದ ಎಂಟುನೂರ ನಲವತ್ತು. ಭಜಿಯ ಪಾಲಿನ ಬಗ್ಗೆ ಸಿದ್ದಲಿಂಗೇಶ ಸರ್ ಅವರನ್ನೇ ಕೇಳಬೇಕು. ತಿಕೋಟಾದಿಂದ ಒಂದು ಟಗರನ್ನು ಟೆಂಪೋದಲ್ಲಿ ತಂದು ವಾಪಸು ಬಿಟ್ಟದ್ದಕ್ಕೆ ಒಂಬೈನೂರು. ನನ್ನ ಅಂಗಡಿಯಿಂದ ಔಷಧ ನಿಯಂತ್ರಣ ಇಲಾಖೆಯವರು ಒಯ್ದ ಹದಿನೆಂಟು ಡಬ್ಬಿಗಳ ಬೆಲೆ ಎಂಟು ಸಾವಿರದ ಒಂದುನೂರು. ಈಗ ನನ್ನ ಹೆಗಲ ಮೇಲಿರುವ ಶಾಲು ಮುನ್ನೂರೈವತ್ತು; ಹೇಗೆ ಗೊತ್ತು ಅಂದರೆ, ಶಾಲಿನ ಅಂಗಡಿಯವನು ನನ್ನ ಗಿರಾಕಿ. ಒಟ್ಟು ಮೂವತ್ತೆರಡು ಸಾವಿರದ ಆರುನೂರ ತೊಂಬತ್ತು ರೂಪಾಯಿ, ಮತ್ತು ಒಬ್ಬ ಅಧ್ಯಕ್ಷ. ಅಧ್ಯಕ್ಷನಿಗೆ ಬೆಲೆ ಹಾಕಿಲ್ಲ. ಹಳೆಯ ಮಾಲಿಗೆ ದರ ಕಟ್ಟುವುದು ಕಷ್ಟ.

ಸಭಿಕರೇ, ಆಮಂತ್ರಣ ಪತ್ರಿಕೆಯಲ್ಲಿ ಇದನ್ನು ಸನ್ಮಾನ ಮತ್ತು ಬೀಳ್ಕೊಡುಗೆ ಎಂದು ಅಚ್ಚು ಹಾಕಿಸಿದ್ದಾರೆ. ಹನ್ನೆರಡು ವರ್ಷ ಅಧ್ಯಕ್ಷನಾಗಿದ್ದ ರಾಜಾರಾಮ ಸ್ವಇಚ್ಛೆಯಿಂದ ನಿವೃತ್ತನಾಗುತ್ತಿದ್ದಾನೆ ಎಂದೂ ಇದೆ. ಸತ್ಯ. ನನ್ನ ಸ್ವಇಚ್ಛೆ ಬುಧವಾರ ಸಂಜೆ ನಾಲ್ಕು ಗಂಟೆಗೆ ಮಹಾಸಭೆಯಲ್ಲಿ, ಮೂವತ್ತೊಂದು ಕೈಗಳು ಎದ್ದ ಮೇಲೆ ಹುಟ್ಟಿತು.

ನಾನು ಬಾಕ್ಸಿಂಗ್ ಬಲ್ಲವನಲ್ಲ. ಇದನ್ನು ಹನ್ನೆರಡು ವರ್ಷ ಗುಟ್ಟಾಗಿ ಇಟ್ಟಿದ್ದೆ, ಇಂದು ಹೇಳಿದರೆ ನಷ್ಟವಿಲ್ಲ. ಹುಟ್ಟಿದ್ದು ಬಬಲೇಶ್ವರದಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ವಿಜಯಪುರದ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ. ಆಮೇಲೆ ತಿಕೋಟಾದಲ್ಲಿ ಹಿಂಡಿ, ಬೂಸಾ, ದ್ರಾಕ್ಷಿ ಔಷಧದ ಅಂಗಡಿ. ಸಿದ್ದಲಿಂಗೇಶ ಸರ್ ಒಂದು ದಿನ ಅಂಗಡಿಗೆ ಬಂದು, ಮಕ್ಕಳಿಗೆ ಬಾಕ್ಸಿಂಗ್ ಕಲಿಸಬೇಕು, ಕಣ ಕಟ್ಟಬೇಕು, ಕಂಬಕ್ಕೆ ಗತಿಯಿಲ್ಲ ಎಂದರು. ದ್ರಾಕ್ಷಿ ತೋಟ ಕಿತ್ತ ಒಬ್ಬ ರೈತ ಬಳ್ಳಿ ಹಬ್ಬಿಸಲು ನೆಟ್ಟಿದ್ದ ಕಬ್ಬಿಣದ ಆಂಗಲ್‌ಗಳು ನನ್ನ ಗೋದಾಮಿನಲ್ಲಿ ತುಕ್ಕು ಹಿಡಿಯುತ್ತಿದ್ದವು. ನಾಲ್ಕು ಕೊಟ್ಟೆ. ಮರುವಾರ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದರು. ನಾಲ್ಕು ತುಕ್ಕು ಕಂಬಕ್ಕೆ ಹನ್ನೆರಡು ವರ್ಷದ ಕುರ್ಚಿ. ಇಂಥ ವ್ಯಾಪಾರ ನನ್ನ ಜೀವನದಲ್ಲಿ ಮತ್ತೆ ಕುದುರಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಜನವರಿಯಲ್ಲಿ ನಮ್ಮ ಬಳಗ ಮುಕ್ತ ಪಂದ್ಯಾವಳಿ ನಡೆಸಿತು. ಮಹಿಳೆಯರ ಐವತ್ನಾಲ್ಕು ಕಿಲೋ ವಿಭಾಗದ ಅಂತಿಮ ಪಂದ್ಯ. ಒಂದು ಕಡೆ ಶಾಹಿಸ್ತಾ, ಗೋಳಗುಮ್ಮಟದ ಹತ್ತಿರ ಪ್ರವಾಸಿಗರಿಗೆ ಟೊಪ್ಪಿಗೆ, ಕನ್ನಡಕ ಮಾರುವ ಮೌಲಾಸಾಬರ ಮಗಳು. ಇನ್ನೊಂದು ಕಡೆ ಕಸ್ತೂರಿ, ತಿಕೋಟಾದ ಕುರಿ ಸಾಕುವ ಮನೆಯವಳು, ಇಲ್ಲಿ ಕುಳಿತಿರುವ ರಾಚವ್ವನ ಮೊಮ್ಮಗಳು. ದಿನವೂ ಬಸ್ಸು ಹಿಡಿದು ಬಬಲೇಶ್ವರಕ್ಕೆ ಹೋಗಿ ಮುನಾಫ ಅವರ ಹತ್ತಿರ ಕಲಿಯುತ್ತಿದ್ದಳು. ಎರಡನೆಯ ಸುತ್ತಿನಲ್ಲಿ ಕಸ್ತೂರಿಯ ಬಲಗೈ ಬಂದು ಬಿತ್ತು ನೋಡಿ, ಶಾಹಿಸ್ತಾಳ ಹಲ್ಲಿನ ರಕ್ಷೆ ಒಂದು ಕಡೆ, ಹಲ್ಲಿನ ಅರ್ಧ ಇನ್ನೊಂದು ಕಡೆ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಚಪ್ಪಾಳೆ ಹೊಡೆದ ಕೈಗಳು ಇವೇ.

ಅಂದು ರಾಜ್ಯ ಸಂಸ್ಥೆಯವರು ಬಂದು ಗೆದ್ದವರ ಮೂತ್ರದ ಮಾದರಿ ಒಯ್ದರು. ಮಾರ್ಚಿನಲ್ಲಿ ಪತ್ರ ಬಂತು. ಕಸ್ತೂರಿಯ ಮೈಯಲ್ಲಿ ನಿಷಿದ್ಧ ಔಷಧ ಸಿಕ್ಕಿದೆ, ಸ್ನಾಯು ಉಬ್ಬಿಸುವಂಥದ್ದು. ಎರಡನೆಯ ಪರೀಕ್ಷೆಯಲ್ಲೂ ಅದೇ. ಅವಳನ್ನು ಅಂದಿನಿಂದಲೇ ಕಣದಿಂದ ಹೊರಗಿಟ್ಟರು. ಔಷಧ ಹೇಗೆ ಹೊಟ್ಟೆ ಸೇರಿತೆಂದು ವಿಚಾರಿಸಿ ವರದಿ ಕಳಿಸಿ ಎಂದು ನಮಗೆ ಹೇಳಿದರು. ಸಮಿತಿಯಲ್ಲಿ ಮೂವರು: ನಾನು, ಸಿದ್ದಲಿಂಗೇಶ ಸರ್, ಡಾಕ್ಟರ್ ನಿರ್ಮಲಾ.

ಈಗ ನನ್ನ ವೀರಾವೇಶದ ದಿನಗಳು. ನಾನು ಏನೇನು ಮಾತಾಡಲಿಲ್ಲ? ಪತ್ರಕರ್ತರನ್ನು ಕರೆಸಿದೆ. ಚಹಾ ಕುಡಿಸಿದೆ. ಹೇಳಿದೆ: ಓಡುವವನು ಔಷಧ ತಿಂದರೆ ಸೋತವನು ಅವನ ಬೆನ್ನು ನೋಡುತ್ತಾನೆ, ಅಷ್ಟೇ. ಭಾರ ಎತ್ತುವವನು ತಿಂದರೆ ಕಬ್ಬಿಣಕ್ಕೆ ನೋವಾಗುವುದಿಲ್ಲ. ಆದರೆ ಬಾಕ್ಸಿಂಗಿನಲ್ಲಿ ತಿಂದ ಔಷಧ ಎಲ್ಲಿಗೆ ಹೋಗುತ್ತದೆ? ಮುಷ್ಟಿಗೆ ಹೋಗುತ್ತದೆ. ಮುಷ್ಟಿ ಎಲ್ಲಿಗೆ ಹೋಗುತ್ತದೆ? ಇನ್ನೊಬ್ಬರ ಮನೆಯ ಮಗಳ ಮುಖಕ್ಕೆ ಹೋಗುತ್ತದೆ! ಆದ್ದರಿಂದ ಬೇರೆ ಆಟಕ್ಕೆ ಎಷ್ಟು ಶಿಕ್ಷೆಯೋ ಬಾಕ್ಸಿಂಗಿಗೆ ಅದರ ಎರಡು ಪಟ್ಟು ಬೇಕು. ಜೀವಾವಧಿ ನಿಷೇಧ ಬೇಕು! ಈ ಮಾತನ್ನು ನಾನು ಇಂದಿಗೂ ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ. ಮುಖ ಮುಖವೇ. ಅರ್ಧ ಹಲ್ಲು ನಾನೇ ಕಣ್ಣಾರೆ ಕಂಡಿದ್ದೇನೆ.

ಆದರೆ ನನ್ನ ಆವೇಶಕ್ಕೆ ಇನ್ನೊಂದು ಕಾರಣವಿತ್ತು. ಮುನಾಫ ಅವರೇ, ಕ್ಷಮಿಸಬೇಕು. ಬರುವ ಚುನಾವಣೆಯಲ್ಲಿ ತಾವು ನನ್ನ ಎದುರು ನಿಲ್ಲುತ್ತೀರಿ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು. ಕಸ್ತೂರಿ ತಮ್ಮ ಶಿಷ್ಯೆ. ಔಷಧ ತಿನ್ನಿಸಿದವರು ತಾವೇ ಎಂದು ನನಗೆ ಖಾತ್ರಿಯಾಯಿತು. ಖಾತ್ರಿಗೆ ಆಧಾರ ಏನು ಎಂದು ಕೇಳಬೇಡಿ. ಮನುಷ್ಯನಿಗೆ ಯಾವುದರಿಂದ ಲಾಭವಿದೆಯೋ ಅದು ಬೇಗ ಖಾತ್ರಿಯಾಗುತ್ತದೆ.

ಹಾಗಾಗಿ ಬಳಗಕ್ಕೆ ಹೊಸ ನಿಯಮಾವಳಿ ಬರೆಯಿಸಿದೆ. ಏಳನೆಯ ನಿಯಮವನ್ನು ನಾನೇ ಬಾಯಿಂದ ಹೇಳಿದೆ, ಸಿದ್ದಲಿಂಗೇಶ ಸರ್ ಬರೆದುಕೊಂಡರು. ಅದರ ಮೊದಲ ವಾಕ್ಯ ಡಾಕ್ಟರ್ ನಿರ್ಮಲಾ ಅವರ ಒತ್ತಾಯದ್ದು: ನಿಷಿದ್ಧ ಔಷಧ ಸೇವಿಸಿದವರಿಗೆ ಅವರ ತಿಳಿವಳಿಕೆ ನೋಡಿ ಶಿಕ್ಷೆ. ಎರಡನೆಯದು ನನ್ನದು: ಒದಗಿಸಿದವರಿಗೆ ತಿಳಿವಳಿಕೆ ನೋಡದೆ ಶಿಕ್ಷೆ, ಅಂಥವರು ಬಳಗದ ಯಾವ ಹುದ್ದೆಯಲ್ಲೂ ಜೀವನಪರ್ಯಂತ ಇರತಕ್ಕದ್ದಲ್ಲ. ಹೇಳಿ ಮುಗಿಸಿದಾಗ ನನಗೇ ರೋಮಾಂಚನವಾಯಿತು. 'ಭಾರಿ ಆತ್ರಿ ಸಾಹೇಬ್ರ, ಕಲ್ಲಿನ್ಯಾಗ ಕೆತ್ತಿಸಬೇಕ ಇದನ್ನ' ಅಂದರು ಸಿದ್ದಲಿಂಗೇಶ ಸರ್. ಕಲ್ಲು ದುಬಾರಿ ಎಂದು ಕರಪತ್ರ ಮಾಡಿಸಿದೆ. ಎರಡು ಸಾವಿರ ಪ್ರತಿ, ಮೇಲೆ ನನ್ನ ಫೋಟೋ.

ಆ ಹೊತ್ತಿಗೆ ಕಸ್ತೂರಿಯ ಪಾಡು ಏನಾಗಿತ್ತು? ಅವಳಿಗೆ ಪೊಲೀಸ್ ಇಲಾಖೆಯ ಕ್ರೀಡಾ ಕೋಟಾದಲ್ಲಿ ನೌಕರಿಗೆ ಅರ್ಜಿ ಹಾಕುವುದಿತ್ತು. ಆಯ್ಕೆ ನವೆಂಬರಿನಲ್ಲಿ. ವಯೋಮಿತಿಗೆ ಇದೇ ಕೊನೆಯ ವರ್ಷ. ಡಾಕ್ಟರ್ ಅವರು ನಮಗೆ ತಿಳಿಸಿ ಹೇಳಿದರು: ಸುಮ್ಮನಿದ್ದರೆ ನಾಲ್ಕು ವರ್ಷದ ನಿಷೇಧ ಬೀಳಬಹುದು. ಔಷಧ ಎಲ್ಲಿಂದ ಬಂತು, ಹೇಗೆ ಬಂತು, ಅವಳಿಗೆ ಗೊತ್ತಿಲ್ಲದೆ ಬಂತು ಎಂದು ರುಜುವಾತಾದರೆ ತಿಂಗಳುಗಳ ಲೆಕ್ಕಕ್ಕೆ ಇಳಿಯಬಹುದು. ಕಸ್ತೂರಿಯನ್ನು ಕೇಳಿದೆವು. 'ನಾ ಏನೂ ತಿಂದಿಲ್ರಿ. ರೊಟ್ಟಿ, ಪಲ್ಯಾ, ಆಯಿ ಮಾಡಿದ ಅಂಟಿನುಂಡಿ. ಅಷ್ಟ' ಅಂದಳು. ಎಲ್ಲ ಕಳ್ಳರೂ ಹೀಗೇ ಹೇಳುತ್ತಾರೆ ಎಂದು ನಾನು ಸಮಿತಿಯ ಪುಸ್ತಕದಲ್ಲಿ ಷರಾ ಬರೆದೆ.

ಎರಡನೆಯ ಸಭೆಗೆ ರಾಚವ್ವನವರನ್ನು ಕರೆದೆವು. ಬಂದರು. ಟೆಂಪೋದಲ್ಲಿ ಬಂದರು. ಜೊತೆಗೆ ಒಂದು ಟಗರು. ಹೆಸರು ಬಹಾದ್ದೂರ. ಕಾಳಗದ ಟಗರು, ಸುತ್ತ ಹತ್ತೂರಿನಲ್ಲಿ ಅದರ ಎದುರು ನಿಲ್ಲುವ ಟಗರಿಲ್ಲ. ಅದರ ಕೋಡಿಗೆ ಹಿತ್ತಾಳೆಯ ಕಟ್ಟು, ಕೊರಳಿಗೆ ಗಂಟೆ. ಸಮಿತಿಯ ಕೋಣೆಗೇ ಹೊಡೆದುಕೊಂಡು ಬಂದರು.

'ಏನಬೇ ಅಮ್ಮಾ, ಟಗರ ಯಾಕ ತಂದಿ?' ಅಂದರು ಸಿದ್ದಲಿಂಗೇಶ ಸರ್, ಭಜಿಯ ತಟ್ಟೆಯನ್ನು ಎತ್ತಿ ಹಿಡಿದುಕೊಂಡು.

'ಇದರದೂ ಉಚ್ಚಿ ತಪಾಸ ಮಾಡ್ರಿ. ನನ್ನ ಮೊಮ್ಮಗಳು ತಿಂದದ್ದ ಇದೂ ತಿಂದೈತಿ. ಆಕಿ ಕಳ್ಳಿ ಆದ್ರ ಇದೂ ಕಳ್ಳ. ಇಬ್ರಿಗೂ ಕೂಡೇ ಶಿಕ್ಷಾ ಕೊಡ್ರಿ.'

'ಏನ ತಿನ್ನಿಸಿದಿ?'

'ಅಂಟಿನುಂಡಿ. ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸಿ, ಬೆಲ್ಲ, ತುಪ್ಪ. ಮ್ಯಾಲ ಎಂಟ ಗುಳಿಗಿ, ಒಳ್ಳಾಗ ಹಾಕಿ ಸಣ್ಣಗ ಕುಟ್ಟಿ.'

ಡಾಕ್ಟರ್ ನಿರ್ಮಲಾ ಅವರು ಪೆನ್ನು ಕೆಳಗಿಟ್ಟರು. 'ಯಾವ ಗುಳಿಗಿ ಅಮ್ಮಾ?'

ರಾಚವ್ವ ಸೆರಗಿನೊಳಗಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲೆ, ಸರಿಯಾಗಿ ನನ್ನ ಎದುರಿಗೆ ಇಟ್ಟರು. ಸಭಿಕರೇ, ಡಬ್ಬಿಯ ಹೆಸರು 'ರಾಜಬಲ'. ಡಬ್ಬಿಯ ಮೇಲೆ ನಗುತ್ತಿರುವ ಒಬ್ಬ ಮನುಷ್ಯನ ಫೋಟೋ. ಹಣೆಗೆ ಕುಂಕುಮ, ಕೊರಳಲ್ಲಿ ಬಂಗಾರದ ಸರ, ಬಲಗೈ ಎತ್ತಿ ಆಶೀರ್ವಾದ ಮಾಡುತ್ತಿದ್ದಾನೆ. ಸಮಿತಿಯ ಇಬ್ಬರು ಸದಸ್ಯರು ಡಬ್ಬಿಯನ್ನು ನೋಡಿದರು. ಆಮೇಲೆ ಅಧ್ಯಕ್ಷನನ್ನು ನೋಡಿದರು. ಆಮೇಲೆ ಮತ್ತೆ ಡಬ್ಬಿಯನ್ನು ನೋಡಿದರು. ನನಗನ್ನಿಸುತ್ತದೆ, ಟಗರೂ ನೋಡಿತು.

ಈಗ ನಾನು ವಿವರಣೆ ಕೊಡಬೇಕು. ಪರಊರಿನಿಂದ ಒಬ್ಬ ಮಾರಾಟಗಾರ ಗುಳಿಗೆಗಳನ್ನು ಕಿಲೋ ಲೆಕ್ಕದಲ್ಲಿ ತರುತ್ತಿದ್ದ. ಕಾಳಗದ ಟಗರಿಗೆ ಒಳ್ಳೆಯದು, ಮೈ ತುಂಬಿಕೊಳ್ಳುತ್ತದೆ ಅಂದ. ನಾನು ಡಬ್ಬಿಗೆ ತುಂಬಿ ಮಾರಿದೆ. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಬೆಲ್ಲವಲ್ಲ ಎಂಬುದಷ್ಟು ಗೊತ್ತಿತ್ತು. ಮೊದಲು ಡಬ್ಬಿಯ ಮೇಲೆ ಟಗರಿನ ಚಿತ್ರವೇ ಇತ್ತು. ಅಧ್ಯಕ್ಷನಾಗಿ ಹತ್ತು ವರ್ಷ ತುಂಬಿದಾಗ ಅಚ್ಚಿನ ಅಂಗಡಿಯವನು, 'ಸಾಹೇಬ್ರ, ಎರಡೂ ಚಿತ್ರ ಹಿಡಿಯೂದಿಲ್ರಿ. ಟಗರ ಇಡ್ಲೋ, ನಿಮ್ಮನ್ನ ಇಡ್ಲೋ?' ಎಂದು ಕೇಳಿದ. ನಾನು ಹೆಚ್ಚು ಯೋಚಿಸಲಿಲ್ಲ.

ಆದರೂ ಆ ಕೋಣೆಯಲ್ಲಿ ನಾನು ಧೈರ್ಯ ಬಿಡಲಿಲ್ಲ. 'ಅಮ್ಮಾ, ಟಗರಿಗಿ ಮಾತ್ರ ಅಂತ ಡಬ್ಬಿ ಮ್ಯಾಲ ಬರದೈತಲ್ಲ?' ಅಂದೆ.

'ನನಗ ಓದಾಕ ಬರ್ತೈತೇನಪಾ? ಎಳ್ಳಿನಷ್ಟ ಅಕ್ಷರದಾಗ ಏನ ಬರಸೀಯೋ ಯಾರಿಗಿ ಗೊತ್ತು. ಹಿಂಡಿ ಚೀಲದ ಮ್ಯಾಲ ಎಮ್ಮಿ ಚಿತ್ರ ಇರ್ತೈತಿ, ಎಮ್ಮಿಗಿ ಹಾಕತೀವಿ. ಇನ್ನೊಂದ ಚೀಲದ ಮ್ಯಾಲ ಕೋಳಿ ಇರ್ತೈತಿ, ಕೋಳಿಗಿ ಹಾಕತೀವಿ. ಇದರ ಮ್ಯಾಲ ನೀ ಅದಿ. ನೀ ಏನ ಟಗರೇನು?'

ಸಿದ್ದಲಿಂಗೇಶ ಸರ್ ಅವರಿಗೆ ಭಜಿ ನೆತ್ತಿಗೆ ಹತ್ತಿತು.

'ನನ್ನ ಮಗ ಅಮೋಘಿ ತಂದು ಬಹಾದ್ದೂರಗ ಹಾಕಾಕತ್ತಿದ್ದ. ನಾ ಅಂದ್ಯಾ, ಲೇ ಹುಚ್ಚಾ, ಮನಶ್ಯಾರ ಔಷಧ ಟಗರಿಗಿ ಯಾಕ ಹಾಕತಿ? ಆಂವ ನಕ್ಕೋತ ಹೋದ. ನಾ ವಿಚಾರ ಮಾಡಿದ್ನಿ. ಮನಶ್ಯಾರ ಗುಳಿಗಿ ಟಗರಿಗೇ ಇಷ್ಟ ಹತ್ತಿದ್ರ, ಮನಶ್ಯಾರಿಗಿ ಎಷ್ಟ ಹತ್ತಬಾರದು? ಪಾಪ, ಕೂಸು ದಿನಾ ಹೊಡಿಸ್ಕೊಂಡ ಬರ್ತೈತಿ. ಕುಟ್ಟಿ ಹಾಕಿದ್ನಿ. ಆಕಿಗಿ ಹೇಳಲಿಲ್ಲ. ಔಷಧ ಅಂದ್ರ ಉಂಡಿ ತಿನ್ನೂದಿಲ್ಲ ಆಕಿ.' ಹಾಗೆಂದು ದನಿ ತಗ್ಗಿಸಿ ಅಂದರು: 'ತಪ್ಪ ನನ್ನ ಕೈಯಿಂದ ಆಗೈತಿ ಯಪ್ಪಾ. ಆ ಕೂಸಿನ ನೌಕರಿ ಕಳೀಬ್ಯಾಡ್ರಿ. ನನ್ನ ಏನ ಬೇಕಾರ ಮಾಡ್ರಿ. ಬೇಕಂದ್ರ ಟಗರ ಇಟ್ಕೋರಿ.'

ಅಂದು ಹಲ್ಲು ಕಳೆದುಕೊಂಡ ಶಾಹಿಸ್ತಾಳೂ ಬಂದಿದ್ದಳು. ನನಗೆ ಆಸರೆಯಾಗಿ ಕಂಡವಳು ಅವಳೊಬ್ಬಳೇ. ಮಾತು ಬೇರೆ ಕಡೆಗೆ ತಿರುಗಲಿ ಎಂದು ಕೇಳಿದೆ: 'ಹೇಳವಾ, ಹೊಡೆತ ತಿಂದಾಕಿ ನೀನು. ನಾಕ ವರ್ಷ ನಿಷೇಧ ಆದ್ರ ನಿನಗ ಸಮಾಧಾನ ಅಲ್ಲೇನು?'

'ಸರ, ನಾಕ ವರ್ಷ ಆಕೀನ ಕುಂಡ್ರಿಸಿದ್ರ ನಾ ಯಾರನ್ನ ಹೊಡೀಲಿ? ನನ್ನ ತೂಕದಾಗ ಜಿಲ್ಲಾದಾಗ ಇರೂದ ಇಬ್ರು. ಅದರಾಗ ಒಬ್ಬಾಕಿ ನಾನ.'

'ಹಂಗಾರ ಶಿಕ್ಷಾ ಬ್ಯಾಡ?'

'ಯಾಕ ಬ್ಯಾಡ್ರಿ? ಬೇಕು. ಪದಕಾ ಕಸ್ಕೋರಿ. ನನ್ನ ಹಲ್ಲಿನ ರೊಕ್ಕಾ ಕೊಡಸ್ರಿ. ಆಕಿ ಮೈಯಾಗಿನ ಗುಳಿಗಿ ಇಳಿಯೂತನಕಾ ಹೊರಗಿಡ್ರಿ. ಆಮ್ಯಾಲ ಆಕೀನ ನನ್ನ ಕೈಯಾಗ ಕೊಡ್ರಿ, ಉಳಿದದ್ದ ನಾ ನೋಡ್ಕೋತೇನಿ.' ಹಾಗೆಂದವಳು ಡಬ್ಬಿ ಎತ್ತಿಕೊಂಡು ನೋಡಿ, 'ಮತ್ತ ಇದನ್ನ ಮಾರಿದಾವ್ರಿಗಿ ಏನ್ರಿ?' ಅಂದಳು.

ಸಿದ್ದಲಿಂಗೇಶ ಸರ್ ಕರಪತ್ರ ತೆಗೆದರು. 'ಏಳನೇ ನಿಯಮ ಓದಲೇನ್ರಿ, ಸಾಹೇಬ್ರ?'

'ಬ್ಯಾಡ್ರಿ. ನನಗ ಬಾಯಿಪಾಠ ಐತಿ' ಅಂದೆ.

ಅಲ್ಲಿಗೇ ಮುಗಿಯಲಿಲ್ಲ. ಡಾಕ್ಟರ್ ಅವರು ಹೇಳಿದರು, ಬರೀ ಡಬ್ಬಿ ತೋರಿಸಿದರೆ ರಾಜ್ಯ ಸಂಸ್ಥೆ ಒಪ್ಪುವುದಿಲ್ಲ; ಖಾಲಿ ಡಬ್ಬಿಗೆ ಯಾರು ಏನು ಬೇಕಾದರೂ ತುಂಬಬಹುದು. ಈ ಗುಳಿಗೆ ನನ್ನದು, ಇಂಥವರಿಂದ ತಂದದ್ದು, ಇಂಥ ಮನೆಗೆ ಮಾರಿದ್ದು, ಸೀಲು ಒಡೆಯದ ಡಬ್ಬಿಯನ್ನು ಪರೀಕ್ಷೆಗೆ ಕೊಡುತ್ತಿದ್ದೇನೆ ಎಂದು ಮಾರಿದವರೇ ಬರೆದುಕೊಡಬೇಕು. 'ನೀವು ಬರೆದುಕೊಟ್ಟರೆ ಹುಡುಗಿ ಉಳಿಯುತ್ತಾಳೆ. ಇಲ್ಲದಿದ್ದರೆ ಇಲ್ಲ' ಅಂದರು. ವೈದ್ಯರು ಮಾತು ಕಡಿಮೆ ಆಡುತ್ತಾರೆ, ಅದಕ್ಕೇ ಅವರ ಮಾತು ನಾಟುತ್ತದೆ.

ನಾನು ಬರೆದುಕೊಟ್ಟೆನೇ? ಕೊಟ್ಟೆ. ಹನ್ನೊಂದು ದಿನ ಬಿಟ್ಟು. ಆ ಹನ್ನೊಂದು ದಿನ ಎಲ್ಲಿದ್ದೆ ಎಂದು ಕೇಳುತ್ತೀರಾ? ಮೂರು ದಿನ ಜ್ವರ ಎಂದು ಹೇಳಿ ಕಳಿಸಿದೆ. ಎರಡು ದಿನ ಇಟ್ಟಂಗಿಹಾಳದ ಬೀಗರ ಮನೆಯಲ್ಲಿದ್ದೆ, ಬೀಗರು ಮೂರನೆಯ ದಿನ ಬಸ್ಸಿನ ಸಮಯ ಹೇಳಿದರು. ಉಳಿದ ದಿನ ಅಂಗಡಿಯಲ್ಲಿ ಕೂತು ನನಗೆ ನಾನೇ ವಾದ ಮಾಡಿದೆ. ನಮ್ಮ ದ್ರಾಕ್ಷಿಯ ವಾದ. ನೋಡಿ, ನಮ್ಮ ಕಡೆ ಗೊನೆಗಳನ್ನು ಔಷಧದ ನೀರಿನಲ್ಲಿ ಅದ್ದಿ ಕಾಳು ಉಬ್ಬಿಸುತ್ತೇವೆ. ಮಾಲು ದೂರದ ಪೇಟೆಗೆ ಹೋಗಿ ಔಷಧದ ಅಂಶ ಹೆಚ್ಚಾಯಿತೆಂದು ಪರೀಕ್ಷೆಯಲ್ಲಿ ಫೇಲಾದರೆ ಏನು ಮಾಡುತ್ತಾರೆ? ದ್ರಾಕ್ಷಿಯನ್ನು ತಿಪ್ಪೆಗೆ ಸುರಿಯುತ್ತಾರೆ, ಬೆಳೆದವನ ಹೆಸರು ಹೊಡೆದು ಹಾಕುತ್ತಾರೆ. ಅಂಗಡಿಯವನನ್ನು ಯಾರೂ ಕೇಳುವುದಿಲ್ಲ. ಮೂವತ್ತು ವರ್ಷದಲ್ಲಿ ಒಬ್ಬರೂ ಕೇಳಿಲ್ಲ! ಹಾಗಿದ್ದ ಮೇಲೆ ಈಗ ಯಾಕೆ ಕೇಳಬೇಕು? ಈ ವಾದ ಎಷ್ಟು ಗಟ್ಟಿಯಾಗಿತ್ತೆಂದರೆ, ನಾನು ಎರಡು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಹನ್ನೊಂದನೆಯ ದಿನ ಕಸ್ತೂರಿ ಅಂಗಡಿಗೆ ಬಂದಳು. ಅಳಲು ಬಂದಿದ್ದಾಳೆ ಎಂದುಕೊಂಡು ಸಮಾಧಾನದ ಮಾತು ಸಿದ್ಧ ಮಾಡಿಕೊಂಡೆ. ಅವಳು ಹಮಾಲರು ಚೀಲ ಇಳಿಸುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂದಳು: 'ಕಾಕಾ, ಚೀಲಕ್ಕ ಎಷ್ಟ ಕೊಡ್ತೀರಿ?'

'ಯಾಕವಾ?'

'ನೌಕರಿ ಅಂತೂ ಹೋತು. ನಾಕ ವರ್ಷ ಮನ್ಯಾಗ ಕುಂತ್ರ ಕೈ ಹಗರ ಆಗ್ತಾವ. ನಿಮ್ಮ ಕಡೆ ಹಮಾಲಿಕಿ ಇದ್ರ ಮಾಡ್ತೇನಿ. ಐವತ್ತ ಕಿಲೋ ಎತ್ತತೇನ್ರಿ, ಬೇಕಾರ ನೋಡ್ರಿ.'

ಎತ್ತಿಯೂ ತೋರಿಸಿದಳು. ಚುಚ್ಚು ಮಾತಾಗಿದ್ದರೆ ನಾನು ಉತ್ತರ ಕೊಡುತ್ತಿದ್ದೆ, ಚುಚ್ಚು ಮಾತಿಗೆ ನಾನು ಹೆದರುವವನಲ್ಲ. ಆದರೆ ಹುಡುಗಿ ನಿಜವಾಗಿಯೂ ದರ ಕೇಳುತ್ತಿದ್ದಳು.

ಇಲ್ಲಿ ಒಂದು ಮಾತು. ಇದಕ್ಕೂ ಬಾಕ್ಸಿಂಗಿಗೂ ಸಂಬಂಧವಿಲ್ಲ, ಬಾಯಿಗೆ ಬಂತು, ಹೇಳುತ್ತೇನೆ. ನಾನು ಹಮಾಲನಾಗಿದ್ದಾಗ, ಸುಗ್ಗಿಯ ಕಾಲದಲ್ಲಿ ಹಮಾಲರನ್ನು ದುಡಿಸುವ ಮುಕಾದಮ ಚಹಾದ ಜೊತೆಗೆ ಒಂದು ಬಿಳಿ ಗುಳಿಗೆ ಕೊಡುತ್ತಿದ್ದ. 'ನುಂಗಲೇ, ಸೊಂಟ ನೋಯೂದಿಲ್ಲ' ಅನ್ನುತ್ತಿದ್ದ. ನೋಯುತ್ತಿರಲಿಲ್ಲ. ನೂರ ಇಪ್ಪತ್ತು ಚೀಲ ಹೊರುವವನು ಇನ್ನೂರು ಹೊರುತ್ತಿದ್ದೆ. ಹೆಚ್ಚಿಗೆ ಹೊತ್ತ ಎಂಬತ್ತರ ಕೂಲಿಯಲ್ಲಿ ಮುಕಾದಮನದು ಅರ್ಧ. ನಾಲ್ಕು ಸುಗ್ಗಿ ನುಂಗಿದೆ. ನನ್ನ ಜೊತೆಗೆ ಇನ್ನೊಬ್ಬನಿದ್ದ, ಲಾಡಲೇಸಾಬ, ನನಗಿಂತ ಬಲಿಷ್ಠ. ಐದನೆಯ ಸುಗ್ಗಿಗೆ ಅವನು ನೆಟ್ಟಗೆ ನಿಲ್ಲಲಾರದವನಾದ. ಕೆಲಸದಿಂದ ತೆಗೆದರು. ಯಾರನ್ನು? ಲಾಡಲೇಸಾಬನನ್ನು. ಮುಕಾದಮ ಮರುವರ್ಷ ಮನೆ ಕಟ್ಟಿಸಿದ. ಆ ಗುಳಿಗೆ ಯಾವುದೆಂದು ನಾನು ಅಂದೂ ಕೇಳಲಿಲ್ಲ. ಕೇಳದೆ ಇರುವ ಅಭ್ಯಾಸ ಅಲ್ಲಿಂದಲೇ ಬಂತೋ ಏನೋ.

ಇರಲಿ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಕಸ್ತೂರಿಗೆ, ಚೀಲ ಕೆಳಗಿಡು ಅಂದೆ. ಅಂದೇ ಡಾಕ್ಟರ್ ಅವರ ದವಾಖಾನೆಗೆ ಹೋಗಿ ಎರಡು ಪುಟ ಬರೆದು ಸಹಿ ಮಾಡಿದೆ. ಸೀಲಿದ್ದ ಡಬ್ಬಿ ಕೊಟ್ಟೆ. ಗುಳಿಗೆಯಲ್ಲಿ ಅದೇ ಔಷಧ ಸಿಕ್ಕಿತು. ಇಲಾಖೆಯವರು ಬಂದು ಉಳಿದ ಹದಿನೆಂಟು ಒಯ್ದರು; ಪ್ರಕರಣ ಇನ್ನೂ ನಡೆದಿದೆ, ನನ್ನ ವಕೀಲರು ಅದರ ಬಗ್ಗೆ ವೇದಿಕೆಯ ಮೇಲೆ ಮಾತಾಡಬೇಡ ಅಂದಿದ್ದಾರೆ, ಆದ್ದರಿಂದ ಮಾತಾಡಲಿಲ್ಲ ಎಂದು ತಿಳಿಯಿರಿ. ಕಳೆದ ವಾರ ರಾಜ್ಯ ಸಂಸ್ಥೆಯ ತೀರ್ಪು ಬಂತು: ಮಾರ್ಚಿನಿಂದ ಹಿಡಿದು ಏಳು ತಿಂಗಳು. ಅಂದರೆ ಮೊನ್ನೆಗೆ ಮುಗಿಯಿತು. ತೀರ್ಪನ್ನು ಓದಿದ ಸಂಜೆಯೇ ನಮ್ಮ ಮಹಾಸಭೆ ನನಗೆ ಏಳನೆಯ ನಿಯಮ ಅನ್ವಯಿಸಿತು. ಗುಳಿಗೆ ತಿಂದವಳಿಗೆ ಏಳು ತಿಂಗಳು, ಮಾರಿದವನಿಗೆ ಜೀವನಪರ್ಯಂತ. ಯಾರು ಬರೆದದ್ದು ಇಂಥ ನಿಯಮ ಎಂದು ನನಗೇ ಸಿಟ್ಟು ಬಂತು.

ಆದರೂ ಸಭಿಕರೇ, ಹನ್ನೆರಡು ವರ್ಷದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಆ ನಿಯಮ. ಯಾರಿಗಾಗಿ ಬರೆದೆ ಎಂಬುದು ಬೇರೆ ಮಾತು. ಬಾಕ್ಸಿಂಗಿನಲ್ಲಿ ಔಷಧಕ್ಕೆ ಶಿಕ್ಷೆ ಹೇಗಿರಬೇಕು? ಮೊದಲು ಹೊಡೆತ ತಿಂದವರನ್ನು ಕೇಳಬೇಕು, ಅವರಿಗಾದ ನಷ್ಟ ತುಂಬಬೇಕು. ಗೆದ್ದದ್ದನ್ನು ವಾಪಸು ಪಡೆಯಬೇಕು. ತಿಳಿದು ತಿಂದವರಿಗೆ ವರ್ಷಗಟ್ಟಲೆ, ತಿಳಿಯದೆ ತಿಂದವರಿಗೆ ಔಷಧ ಇಳಿಯುವಷ್ಟು ಕಾಲ. ಮತ್ತು ಡಬ್ಬಿಯನ್ನು ಹಿಡಿದುಕೊಂಡು ಅಂಗಡಿಯ ತನಕ ನಡೆದು ಹೋಗಬೇಕು. ನಾವು ಎಲ್ಲ ಕಡೆ ಹುಡುಗರ ಮೂತ್ರ ಹಿಡಿಯುತ್ತೇವೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತವನ ಕೈ ಹಿಡಿಯುವುದಿಲ್ಲ. ಮುನಾಫ ಅವರೇ, ಮುಂದೆ ಯಾರಾದರೂ ಏಳನೆಯ ನಿಯಮ ಬಹಳ ಕಠಿಣ, ಸಡಿಲ ಮಾಡಿ ಎಂದು ಅರ್ಜಿ ಹಿಡಿದು ಬಂದರೆ, ಒಪ್ಪಬೇಡಿ. ಅರ್ಜಿ ತಂದವನು ನಾನೇ ಆಗಿದ್ದರೂ ಒಪ್ಪಬೇಡಿ. ನಾನು ಬರುವ ಸಂಭವವಿದೆ.

ಹಿಂದಿನ ಅಂಗಳದಲ್ಲಿ ಕೈಗೆ ಪಟ್ಟಿ ಸುತ್ತುತ್ತಿದ್ದಾರಂತೆ. ಯಾರಿಗೆ ಏನು ದಕ್ಕಿತು ಎಂದು ಹೇಳಿ ಕೂಡುತ್ತೇನೆ.

ಶಾಹಿಸ್ತಾಳಿಗೆ ಜನವರಿಯ ಚಿನ್ನದ ಪದಕ ದಕ್ಕಿತು, ಕಟ್ಟಿಸಿದ ಹಲ್ಲು ದಕ್ಕಿತು, ಇನ್ನು ಐದು ನಿಮಿಷಕ್ಕೆ ಅವಳು ಬೇಡಿದ ಎದುರಾಳಿ ದಕ್ಕುತ್ತಾಳೆ. ಕಸ್ತೂರಿಗೆ ಪದಕ ಹೋಯಿತು, ಏಳು ತಿಂಗಳು ಹೋದವು. ನವೆಂಬರಿನ ಅರ್ಜಿ ಉಳಿಯಿತು, ಮೊನ್ನೆ ಶುಕ್ರವಾರ ತುಂಬಿ ಕಳಿಸಿದ್ದಾಳೆ. ರಾಚವ್ವನಿಗೆ ಮೊಮ್ಮಗಳ ಬೈಗುಳ ಬೇಕಾದಷ್ಟು ದಕ್ಕಿತು. ಬಹಾದ್ದೂರ ಗುಳಿಗೆ ಬಿಟ್ಟ ಮೇಲೆ ಎರಡು ಕಾಳಗ ಸೋತ, ಈಗ ಮೇಯುತ್ತಾನೆ. ಸಿದ್ದಲಿಂಗೇಶ ಸರ್ ಅವರಿಗೆ ಭಜಿ. ಡಾಕ್ಟರ್ ನಿರ್ಮಲಾ ಅವರಿಗೆ ಏನೂ ಇಲ್ಲ, ಅವರು ಕೇಳಲೂ ಇಲ್ಲ. ಮುನಾಫ ಅವರಿಗೆ ಕುರ್ಚಿ. ಪರಊರಿನ ಆ ಮಾರಾಟಗಾರನಿಗೆ ಈವರೆಗೆ ಏನೂ ಆಗಿಲ್ಲ, ಅವನ ಲಾಭ ಅವನ ಹತ್ತಿರವೇ ಇದೆ. ನನಗೆ ಒಂದು ಶಾಲು, ಒಂದು ಹಾರ, ಮತ್ತು ಇಂದಿನ ಪಂದ್ಯಕ್ಕೆ ಮೂರನೆಯ ಸಾಲಿನಲ್ಲಿ ಒಂದು ಜಾಗ, ಐವತ್ತು ರೂಪಾಯಿ ಕೊಟ್ಟು ತೆಗೆದುಕೊಂಡದ್ದು.

ಇಷ್ಟು ಹೊತ್ತು ಎದ್ದು ಹೋಗದೆ ಕೂತ ನಿಮಗೆಲ್ಲ ಋಣಿ. ನಮಸ್ಕಾರ.